ಚಾಂದಬೀ ಕೇಳಿದ ಮೂರು ಹೆಸರು

ನಮ್ಮ ಮನೆಯಲ್ಲಿ ಮೊಟ್ಟಮೊದಲು ಗೊರಕೆ ಹೊಡೆದದ್ದು ಒಂದು ಪಡ್ಡಿನ ಹಂಚು. ನಮಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಊಟ ಮುಗಿಸಿ ಅಡ್ಡಾಗಿದ್ದೆ, ಅಡುಗೆಮನೆಯ ಮೂಲೆಯಿಂದ ಸಣ್ಣಗೆ ಗೊರ್ ಗೊರ್ ಎಂದು ಕೇಳಿಸಿತು. ನನ್ನ ಹೆಂಡತಿ ಶಾಂಭವಿ ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು, ಪಕ್ಕದ ಮನೆಯವರಿಗೆ ಕೇಳಿಸೀತು ಎಂದು ಅದರ ಮೇಲೆ ಎರಡು ಟವೆಲ್ ಹೊದಿಸಿ, ಕೂಡಲೇ ಅಕ್ಕಿ ಉದ್ದು ನೆನೆಹಾಕಿದಳು. ಮರುದಿನ ಬೆಳಗ್ಗೆ ಮೊದಲ ಪಡ್ಡು ಚುಂಯ್ ಎಂದದ್ದೇ ತಡ, ಹಂಚು ಬಾಯಿ ಮುಚ್ಚಿತು. ಆಮೇಲೆ ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಸದ್ದಿರಲಿಲ್ಲ. ಆ ಮರ್ಯಾದೆಯನ್ನು ಮಣ್ಣುಪಾಲು ಮಾಡಿದವನು ನಾನು.

ನಮ್ಮೂರಿನಲ್ಲಿ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಯಾರೂ ಬಳಸದೆ ಬಿಟ್ಟ ವಸ್ತು ಗೊರಕೆ ಹೊಡೆಯಲು ಶುರು ಮಾಡುತ್ತದೆ. ಹಗಲು ರಾತ್ರಿ ಎಂದಿಲ್ಲ, ಯಾರಾದರೂ ಎತ್ತಿ ಬಳಸುವವರೆಗೂ ನಿಲ್ಲಿಸುವುದಿಲ್ಲ. ಸ್ಟೀಲಿನದು ಸಿಳ್ಳೆ ಹಾಕುತ್ತದೆ, ಪ್ಲಾಸ್ಟಿಕ್ಕಿನದು ಪುಸಪುಸ ಅನ್ನುತ್ತದೆ, ಕಂಬಳಿ ರಗ್ಗುಗಳದ್ದು ಹೊಟ್ಟೆಯೊಳಗಿಂದ ಬರುವ ಗೊರಕೆ. ಇಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕಾಫಿ ಮುಗಿಸಿ, ಹುಡುಗಿಯನ್ನು ಒಳಗೆ ಕಳಿಸಿ, ಕಾಲು ಗಂಟೆ ತುಟಿ ಬಿಚ್ಚದೆ ಕೂತು ಮನೆಗೆ ಕಿವಿಗೊಡುತ್ತಾರೆ. ಪುರಸಭೆಯ ದೂರು ಪೆಟ್ಟಿಗೆ ಎಷ್ಟು ಜೋರಾಗಿ ಗೊರಕೆ ಹೊಡೆಯುತ್ತದೆಂದರೆ, ಅದರ ಎದುರು ನಿಂತು ದೂರು ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ. ನಾವೆಲ್ಲ ಹುಟ್ಟಿದಾಗಿನಿಂದ ಇದಕ್ಕೆ ಹೊಂದಿಕೊಂಡವರು. ಇದ್ದದ್ದನ್ನು ಬಳಸು, ಬಳಸದ್ದನ್ನು ಇಟ್ಟುಕೊಳ್ಳಬೇಡ, ಅಷ್ಟೇ.

ನಾನು ಮೂವತ್ತಮೂರು ವರ್ಷ ನಮ್ಮೂರ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸ ಮಾಡಿದವನು. ಪಂಚಾಕ್ಷರಿ ಎಂದರೆ ಮುಖ ಗೊತ್ತಿಲ್ಲದವರಿಗೂ ಧ್ವನಿ ಗೊತ್ತು. ನಿವೃತ್ತನಾದ ಮರುದಿನವೇ ಅಲ್ಲಿ ರೆಕಾರ್ಡು ಮಾಡಿದ ಹೆಣ್ಣಿನ ಧ್ವನಿಯೊಂದನ್ನು ತಂದು ಕೂರಿಸಿದರು. ಅವಳಿಗೆ ಉಸಿರು ಬೇಡ, ಚಹಾ ಬೇಡ, ಕೆಮ್ಮಿಲ್ಲ. ನನಗೆ ಬೆಳಗ್ಗೆ ಎದ್ದರೆ ಸಂಜೆ ಮಾಡುವುದು ಹೇಗೆಂದು ಗೊತ್ತಾಗುತ್ತಿರಲಿಲ್ಲ. ಹಾಗಿರುವಾಗ ಒಂದು ದಿನ ನಾಲ್ಕು ಗಂಟೆಗೆ ನಮ್ಮ ಬೀದಿಗೆ ರಿಯಾಯಿತಿ ಗಾಡಿ ಬಂತು. ಹೊರಗಿನ ಊರಿನವರು, ಮೈಕು ಕಟ್ಟಿಕೊಂಡು, 'ಒಂದು ಕೊಂಡರೆ ಒಂದು ಉಚಿತ, ಇವತ್ತೇ ಕೊನೆಯ ದಿನ' ಎಂದು ಕೂಗುತ್ತ ಬರುತ್ತಾರೆ. ಅವರಿಗೆ ಪ್ರತಿದಿನವೂ ಕೊನೆಯ ದಿನವೇ. ನಾನು ಮೊದಲು ಎದ್ದು ಹೋದದ್ದು ಆ ಕೂಗುವವನ ಉಚ್ಚಾರಣೆ ತಿದ್ದಲಿಕ್ಕೆ. ವಾಪಸು ಬರುವಾಗ ಎರಡು ಫ್ಲಾಸ್ಕು ಹಿಡಿದುಕೊಂಡು ಬಂದೆ.

ಹೊಸ ವಸ್ತುವಿನಷ್ಟು ವಿನಯ ಯಾರಿಗೂ ಇಲ್ಲ. ನಲವತ್ತೆಂಟು ದಿನ ತುಟಿಪಿಟಕ್ಕೆನ್ನದೆ ಪಳಪಳ ಹೊಳೆಯುತ್ತ ಕೂತಿರುತ್ತದೆ. ಅಷ್ಟರಲ್ಲಿ ಮನೆಗೆ ಇನ್ನೂ ಇಪ್ಪತ್ತು ಬಂದಿರುತ್ತವೆ. ನಾಲ್ಕು ಗಂಟೆ ಹತ್ತಿರವಾದರೆ ಅಂಗೈ ತುರಿಸುವುದು, ಕಾಲು ತಾನಾಗಿ ಚಪ್ಪಲಿ ಹುಡುಕುವುದು, ಗಾಡಿ ಬರದ ದಿನ ಬಾಯಿ ಒಣಗಿ ಶಾಂಭವಿಯ ಮೇಲೆ ಹರಿಹಾಯುವುದು. ಕುಡುಕರನ್ನು ಕಂಡರೆ ಮೂಗು ಮುರಿಯುತ್ತಿದ್ದ ನಾನು ಈರುಳ್ಳಿ ಹೆಚ್ಚುವ ಯಂತ್ರವನ್ನು ಪಂಚೆಯೊಳಗೆ ಬಚ್ಚಿಟ್ಟುಕೊಂಡು ಹಿತ್ತಲಿನಿಂದ ಮನೆಗೆ ನುಗ್ಗಿದ್ದೇನೆ. ಮೂರು ವರ್ಷದಲ್ಲಿ ಹದಿಮೂರು ಫ್ಲಾಸ್ಕು, ಹನ್ನೊಂದು ಕೊಡೆ, ಸೌತೆಕಾಯಿಯನ್ನು ಹೂವಿನ ಆಕಾರದಲ್ಲಿ ಕೊರೆಯುವ ಐದು ಚಾಕು, ಕಾಲು ಒತ್ತುವ ಎರಡು ಯಂತ್ರ, ಇನ್ನು ಹೆಸರು ಗೊತ್ತಿಲ್ಲದವು ಎಷ್ಟೋ. ಕೊನೆಗೆ ಶಾಂಭವಿ ನನ್ನನ್ನು ಏನೂ ತರಲು ಕಳಿಸುವುದನ್ನೇ ನಿಲ್ಲಿಸಿದಳು. ಕೊತ್ತಂಬರಿ ಸೊಪ್ಪಿಗೆ ಕಳಿಸಿದರೆ ನಾನು ಕೊತ್ತಂಬರಿ ಇಡುವ ಮೂರು ಬುಟ್ಟಿ ತಂದು ಕೊತ್ತಂಬರಿ ಮರೆತು ಬರುತ್ತಿದ್ದೆ.

ಮನೆ ಗೊರಕೆ ಹೊಡೆಯಲು ಹಿಡಿದಾಗ ನಾನು ಬುದ್ಧಿವಂತಿಕೆ ಮಾಡಿದೆ. ಎಲ್ಲವನ್ನೂ ಸರದಿಯ ಮೇಲೆ ಬಳಸುವುದು ಎಂದು ಹೊರಟೆ. ಬೆಳಗಿನ ಕಾಫಿಯನ್ನು ಒಂದು ಫ್ಲಾಸ್ಕಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬಗ್ಗಿಸಿ, ಹದಿಮೂರನೆಯದಕ್ಕೆ ಬರುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು. ಬಿರುಬಿಸಿಲಿನಲ್ಲಿ ಒಂದೊಂದೇ ಕೊಡೆ ಬಿಚ್ಚಿ ಹನ್ನೊಂದು ಸಲ ಬೀದಿ ತಿರುಗುತ್ತಿದ್ದೆ. ಹೂವಾಗದ ಸೌತೆಕಾಯಿ ನಮ್ಮ ಮನೆಯಲ್ಲಿ ಉಳಿಯಲಿಲ್ಲ. ಇಷ್ಟಾದರೂ ಸಾಲದೆ, ಗೊರಕೆ ಕೇಳದಿರಲಿ ಎಂದು ಕಿವಿಗಿಡುವ ಬಿರಡೆಗಳ ಡಬ್ಬಿ ತಂದೆ. ಡಬ್ಬಿಯಲ್ಲಿ ಹನ್ನೆರಡು ಜೊತೆ ಇದ್ದವು. ಒಂದು ಜೊತೆ ಬಳಸಿದೆ, ಮಂಡಲ ಕಳೆದ ಮೇಲೆ ಉಳಿದ ಹನ್ನೊಂದು ಜೊತೆ ಗೊರಕೆಗೆ ಬಿದ್ದವು. ಅಂದು ಶಾಂಭವಿ ಅಳುವುದೋ ನಗುವುದೋ ತಿಳಿಯದೆ ಬಾಗಿಲ ಹೊಸ್ತಿಲ ಮೇಲೆ ಕುಸಿದು ಕೂತಳು.

ಇದೆಲ್ಲ ನಗೆಪಾಟಲಾಗಿಯೇ ಮುಗಿಯುತ್ತಿತ್ತೋ ಏನೋ. ಅಷ್ಟರಲ್ಲಿ ನಮ್ಮ ಒಬ್ಬಳೇ ಮಗಳು ಮಂದಾಕಿನಿ ಬಸುರಿಯಾದಳು. ಐದನೆಯ ತಿಂಗಳಲ್ಲಿ ಅವಳನ್ನು ಕರೆದುಕೊಂಡು ಅವಳ ಅತ್ತೆ ನೀಲಾಂಬಿಕೆ ನಮ್ಮ ಮನೆಗೆ ಬಂದರು. ನೆಟ್ಟಗೆ ಮಾತಾಡುವ ಹೆಂಗಸು. ಊಟವಾದ ಮೇಲೆ ಎಲೆ ಅಡಿಕೆ ಬಾಯಿಗಿಟ್ಟು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕಾಲು ಗಂಟೆ ಕೂತರು. ಅಟ್ಟ ಗೊರಕೆ ಹೊಡೆಯುತ್ತಿತ್ತು, ಮಂಚದ ಕೆಳಗೆ ಸಿಳ್ಳೆ, ದೇವರಮನೆಯ ಮೂಲೆಯಲ್ಲಿ ಪುಸಪುಸ. "ಬೀಗರೇ, ನಿಮ್ಮ ಮನೇಲಿ ಇರೋದು ಇಬ್ಬರು, ಮಲಗಿರೋರು ಇನ್ನೂರು ಜನ," ಅಂದರು. "ಈ ಗದ್ದಲದಾಗೆ ಕೂಸು ಹೆಂಗೆ ನಿದ್ದೆ ಮಾಡ್ತದೆ? ಬಾಣಂತನ ನಮ್ಮ ಮನೇಲೇ ಆಗಲಿ." ಮೊದಲ ಹೆರಿಗೆಯ ಬಾಣಂತನ ತವರಿನಲ್ಲಿ ಆಗದಿದ್ದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಶಾಂಭವಿ ಮಗಳ ಬಾಣಂತನಕ್ಕೆಂದೇ ಎರಡು ವರ್ಷದಿಂದ ಹಳೆಯ ಸೀರೆಗಳನ್ನು ಒಗೆದು ಮಡಚಿಟ್ಟಿದ್ದಳು, ಅವು ಗೊರಕೆ ಹೊಡೆಯಬಾರದೆಂದು ತಿಂಗಳಿಗೊಮ್ಮೆ ಉಟ್ಟು ಬಿಚ್ಚುತ್ತಿದ್ದಳು. ಅವಳ ಮುಖ ನೋಡಲಾಗಲಿಲ್ಲ. ಮಂದಾ ನನ್ನ ಕಡೆ ತಿರುಗಿ, "ಅಪ್ಪ, ನಂಗೆ ಇಲ್ಲಿಗೇ ಬರಬೇಕು," ಅಂದಳು. ನೀಲಾಂಬಿಕೆ ಮನಸ್ಸು ಕರಗಿ, "ಆಗಲಿ, ಎರಡು ಮಂಡಲ ಬಿಟ್ಟು ಬಂದು ಮತ್ತೊಂದು ಸಲ ಕೇಳ್ತೀನಿ. ಒಂದು ಸದ್ದು ಇದ್ದರೂ ಇಲ್ಲ," ಎಂದು ಎದ್ದರು.

ಮರುದಿನ ಹನ್ನೊಂದು ಕೊಡೆಗಳನ್ನು ಹೊತ್ತುಕೊಂಡು ಚಾಂದಬೀ ಹತ್ತಿರ ಹೋದೆ. ಚಾಂದಬೀ ಹಿಂದೆ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವರು. ಈಗ ಹಳೆಯ ಸಂತೆಕಟ್ಟೆಯನ್ನು ನೋಡಿಕೊಳ್ಳುತ್ತಾರೆ. ಊರಿಗೆಲ್ಲ ಒಂದೇ ಸಾಕಾಗುವ ಏಣಿ, ಗೋಡೆ ಕೊರೆಯುವ ಯಂತ್ರ, ಮದುವೆಯ ಕೊಪ್ಪರಿಗೆ, ಶ್ಯಾವಿಗೆ ಒರಳು, ಎಲ್ಲ ಆ ಕಟ್ಟೆಯ ಮೇಲೆ. ಬೇಕಾದವರು ಒಯ್ಯಬೇಕು, ಕೆಲಸ ಮುಗಿಸಿ ತಂದಿಡಬೇಕು. ಕೊರಳಲ್ಲಿ ಹಳೆಯ ಸೀಟಿ ಇನ್ನೂ ನೇತಾಡುತ್ತದೆ, ಅದು ಗೊರಕೆ ಹೊಡೆಯಬಾರದೆಂದು ದಿನಕ್ಕೊಮ್ಮೆ ಊದುತ್ತಾರೆ. ಬೀದಿಯವರೆಲ್ಲ ಒಂದು ಕ್ಷಣ ಅಟೆನ್ಷನ್ನಿನಲ್ಲಿ ನಿಲ್ಲುತ್ತಾರೆ. ನನ್ನ ಕೊಡೆಗಳನ್ನು ನೋಡಿ ಅವರು ಸ್ಲೇಟು ಬಳಪ ಕೈಗೆತ್ತಿಕೊಂಡರು. "ಹೆಸರು ಹೇಳಿ. ಒಂದೊಂದು ವಸ್ತುವಿಗೂ ಮೂರು ಜನ, ನಾನು ಬಳಸ್ತೀನಿ ಅಂತ ಬಾಯಿಬಿಟ್ಟು ಹೇಳಿದೋರು. ಅಲ್ಲಿವರೆಗೂ ಕಟ್ಟೆ ಮೇಲೆ ಇಡಂಗಿಲ್ಲ. ಇದು ನಿಮ್ಮ ಪಾಪ ಹೊರೋ ಜಾಗ ಅಲ್ಲ."

ಹನ್ನೊಂದು ಕೊಡೆಗೆ ಮೂವತ್ತಮೂರು ಜನ ಬೇಕಾಯಿತು. ಊರಿನ ಬಾಗಿಲು ಬಾಗಿಲಿಗೆ ಹೋಗಿ ನಿಂತೆ. ಕೆಲವರು ನಕ್ಕರು, ಕೆಲವರು ನನ್ನ ಚೀಲದ ಗೊರಕೆ ಕೇಳಿ ಬಾಗಿಲು ಹಾಕಿಕೊಂಡರು. ಒಬ್ಬಾಕೆ, ಫ್ಲಾಸ್ಕಿಗೆ ಹೆಸರು ಕೊಡುತ್ತೇನೆ, ಆದರೆ ನೀವು ಇನ್ನು ಮೇಲೆ ನಮ್ಮ ಓಣಿಗೆ ಬರಬಾರದು ಎಂದು ಷರತ್ತು ಹಾಕಿದಳು. ಹೂವಿನ ಚಾಕುಗಳಿಗೆ ಹೆಸರು ಸಿಗುವುದು ಕಷ್ಟವಾಯಿತು, ಕೊನೆಗೆ ಅಡುಗೆಭಟ್ಟರ ಕಾಲಿಗೆ ಬೀಳುವುದೊಂದು ಬಾಕಿ. ನಾಚಿಕೆಯೆಂದರೆ ಏನೆಂದು ಆಗ ತಿಳಿಯಿತು. ಆದರೂ ದಿನಕ್ಕೆರಡರಂತೆ ಮನೆ ಬರಿದಾಗುತ್ತ ಬಂತು, ಅಟ್ಟದ ಗೊರಕೆ ತಗ್ಗುತ್ತ ಬಂತು.

ಆದರೆ ನಾಲ್ಕು ಗಂಟೆಯ ತುರಿಕೆ ಹೋಗಲಿಲ್ಲ. ಅದನ್ನು ಚಾಂದಬೀಗೆ ಹೇಳಿದೆ. "ಗಾಡಿ ಮೇಲೆ ಏನು ಕಂಡು ಆಸೆ ಆಯ್ತೋ ಅದನ್ನ ಇಲ್ಲಿಂದ ಒಂದು ದಿನದ ಮಟ್ಟಿಗೆ ಒಯ್ಯಿರಿ. ನಾಳೆ ಇದೇ ಹೊತ್ತಿಗೆ ತಂದಿಡಿ," ಅಂದರು. ಅಂದು ಗಾಡಿಯಲ್ಲಿ ಕಿತ್ತಳೆ ಹಿಂಡುವ ಯಂತ್ರ ಕಂಡು ಜೀವ ಹೋಗುವಂತಾಗಿತ್ತು. ಕಟ್ಟೆಯಿಂದ ಅಂಥದ್ದೇ ಒಯ್ದೆ. ಸಂಜೆ ಮೂರು ಕಿತ್ತಳೆ ಹಿಂಡಿದೆ, ರಸ ಕುಡಿದೆ, ಆಮೇಲೆ ಆ ಯಂತ್ರವನ್ನು ತೊಳೆಯಬೇಕಾಯಿತು. ಅದಕ್ಕೆ ಏಳು ಭಾಗ, ಏಳೂ ಭಾಗದಲ್ಲಿ ನಾರು. ಮರುದಿನ ವಾಪಸು ಕೊಡುವಾಗ ಪೀಡೆ ತೊಲಗಿತು ಅನ್ನಿಸಿತು. ಹೀಗೆ ಇಸ್ತ್ರಿಪೆಟ್ಟಿಗೆ, ಕ್ಯಾಮೆರಾ, ಬೆನ್ನು ತುರಿಸುವ ಕೋಲು, ಎಲ್ಲವೂ ಒಂದೊಂದು ದಿನ ಮನೆಗೆ ಬಂದು ಹೋದವು. ಬೇಕು ಬೇಕು ಎಂದು ಎದೆ ಬಡಿದುಕೊಳ್ಳುವುದು ಎಲ್ಲ ಒಂದೇ ದಿನದ ಆಟವೆಂದು ನನಗೆ ಗೊತ್ತಾದದ್ದು ಅರವತ್ತು ವರ್ಷ ದಾಟಿದ ಮೇಲೆ.

ಹಾಗೆಂದು ನಾನೇನು ಸಾಧುವಾಗಲಿಲ್ಲ. ನೀಲಾಂಬಿಕೆ ಬರಲು ಇನ್ನೊಂದು ತಿಂಗಳಿರುವಾಗ, ಕಟ್ಟೆಯಿಂದ ಬರುವ ದಾರಿಯಲ್ಲಿ ಗಾಡಿ ಅಡ್ಡ ಸಿಕ್ಕಿತು. ಒಂದರೊಳಗೊಂದು ಕೂರುವ ಒಂಬತ್ತು ಡಬ್ಬಿಗಳು, ಹಸಿರು ಮುಚ್ಚಳ. ಕೈ ತಾನಾಗಿ ಹೋಯಿತು, ಬಾಯಿ ತಾನಾಗಿ 'ಕೊಡಪ್ಪ' ಅಂದಿತು. ಮನೆಗೆ ಬಂದವನೇ ಹಿತ್ತಲಿನ ಒಗೆಯುವ ಕಲ್ಲಿನ ಕೆಳಗೆ ತುರುಕಿದೆ. ಬೀಗಿತ್ತಿ ಬರುವ ದಿನಕ್ಕೆ ಮಂಡಲ ತುಂಬುವುದಿಲ್ಲ, ಆದ್ದರಿಂದ ಅವು ಬಾಯಿ ಬಿಡುವುದಿಲ್ಲ ಎಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಿತ್ತು. ಆದರೆ ಅಂದಿನಿಂದ ಶಾಂಭವಿ ಆ ಕಲ್ಲಿನ ಮೇಲೆ ಬಟ್ಟೆ ಕುಕ್ಕಿದಾಗೆಲ್ಲ ನಾನು ಓಡಿಬಂದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಹೇಳಿದ ದಿನಕ್ಕೆ ಸರಿಯಾಗಿ ನೀಲಾಂಬಿಕೆ, ತುಂಬು ಹೊಟ್ಟೆಯ ಮಂದಾಳನ್ನು ಕರೆದುಕೊಂಡು ಬಂದರು. ಶಾಂಭವಿ ಸಾಕ್ಷಿಗಿರಲಿ ಎಂದು ಚಾಂದಬೀಯನ್ನೂ ಊಟಕ್ಕೆ ಕರೆದಿದ್ದಳು. ಊಟವಾಯಿತು. ನಾನು ಆರಾಮಕುರ್ಚಿಯಲ್ಲಿ ಕೂತೆ, ಹೆಂಗಸರು ನಾಲ್ವರೂ ಚಾಪೆಯ ಮೇಲೆ ಕೂತರು. ನೀಲಾಂಬಿಕೆ ಕಣ್ಣು ಮುಚ್ಚಿದರು. ಮನೆ ನಿಶ್ಶಬ್ದವಾಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯ ಗೋಡೆಗಡಿಯಾರದ ಟಿಕ್ ಟಿಕ್ ಕೇಳಿಸಿತು. ಶಾಂಭವಿಯ ಕಣ್ಣು ತುಂಬಿ ಬಂತು. ಆಮೇಲೆ, ಟಿಕ್ ಟಿಕ್ಕಿನ ಹಿಂದಿನಿಂದ, ಗೊರ್... ಗೊರ್... ಎಂದು ಕೇಳಿಸಿತು.

"ಏನೋ ಇದೆ," ಅಂದರು ನೀಲಾಂಬಿಕೆ, ಕಣ್ಣು ತೆರೆಯದೆ. ಶಾಂಭವಿ ಅಟ್ಟ ಹತ್ತಿ ನೋಡಿದಳು, ಖಾಲಿ. ಮಂಚದ ಕೆಳಗೆ ಖಾಲಿ. ಗೊರಕೆ ಮಾತ್ರ ನಿಲ್ಲಲೊಲ್ಲದು. ಮಂದಾಳ ತುಟಿ ನಡುಗುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. "ನಂದೇ ತಪ್ಪು!" ಎಂದು ಕೂಗಿಕೊಂಡೆ. "ಹಿತ್ತಲ ಕಲ್ಲಿನ ಕೆಳಗೆ ಡಬ್ಬಿ ಇಟ್ಟಿದೀನಿ. ಒಂಬತ್ತು." ಎಲ್ಲರೂ ನನ್ನ ಮುಖ ನೋಡಿದರು. ಚಾಂದಬೀ ಎದ್ದು ಹೋಗಿ ಡಬ್ಬಿಗಳನ್ನು ತಂದು ಒಂದೊಂದನ್ನೂ ಕಿವಿಗೆ ಹಿಡಿದರು. ಒಂಬತ್ತೂ ಮೌನ. ಮಾನ ಹೋದದ್ದು ಹೋಯಿತು, ಗೊರಕೆ ಅಲ್ಲೇ ಉಳಿಯಿತು.

ನೀಲಾಂಬಿಕೆ ಈಗ ಎದ್ದು, ಕಿವಿಯನ್ನು ಮುಂದೆ ಮಾಡಿಕೊಂಡು ಮನೆಯೆಲ್ಲ ತಿರುಗಿದರು. ಅಡುಗೆಮನೆಗೆ ಹೋದರು, ಬಂದರು. ಗಡಿಯಾರದ ಬಳಿ ನಿಂತರು. ಆಮೇಲೆ ನನ್ನ ಕುರ್ಚಿಯ ಹತ್ತಿರ ಬಗ್ಗಿದರು. "ಈ ಕುರ್ಚಿ," ಅಂದರು. ನಾನು ಎದ್ದು ದೂರ ನಿಂತೆ. ಗೊರಕೆಯೂ ನನ್ನೊಡನೆ ಎದ್ದು ಬಂತು. ನನ್ನ ಕಣ್ಣು ತೆರೆದಿದ್ದವು, ಬಾಯಿ ಮುಚ್ಚಿತ್ತು, ನಿದ್ದೆಯ ಸುಳಿವಿಲ್ಲ. ಆದರೂ ಎದೆಯೊಳಗಿಂದ ಗೊರ್ ಗೊರ್ ಬರುತ್ತಿತ್ತು. ಮನೆಯ ಗದ್ದಲದಲ್ಲಿ, ಹೊರಗೆ ಹೋದರೆ ಚೀಲದ ಗೊರಕೆಯಲ್ಲಿ, ಇಷ್ಟು ದಿನ ಯಾರ ಕಿವಿಗೂ ಬಿದ್ದಿರಲಿಲ್ಲ. ನೀಲಾಂಬಿಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅಯ್ಯೋ ಶಿವನೇ, ಇದು ಬೀಗರೇ!" ಅಂದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಸ್ ನಿಲ್ದಾಣ ಬಿಟ್ಟ ಮೇಲೆ ಯಾರಾದರೂ ನನ್ನಿಂದ ಏನನ್ನಾದರೂ ಮಾಡಿಸಿಕೊಂಡರೇ ಎಂದು ನೆನಪು ಮಾಡಿಕೊಂಡೆ. ಇಲ್ಲ. ಕೊತ್ತಂಬರಿ ನಿಂತ ಮೇಲೆ ಅದೂ ಇಲ್ಲ. ಶಾಂಭವಿ ತಲೆ ತಗ್ಗಿಸಿಕೊಂಡಿದ್ದಳು. ಚಾಂದಬೀ ಚೀಲದಿಂದ ಸ್ಲೇಟು ತೆಗೆದು, ಸೆರಗಿನಿಂದ ಒರೆಸಿ, ಬಳಪ ಹಿಡಿದು ಎಲ್ಲರನ್ನೂ ನೋಡಿದರು. "ನಿಯಮ ಎಲ್ಲಕ್ಕೂ ಒಂದೇ. ಮೂರು ಹೆಸರು ಹೇಳಿ. ಯಾರು ಬಳಸ್ತೀರ ಇವರನ್ನ?"

ಶಾಂಭವಿ ಮೂಗು ಒರೆಸಿಕೊಂಡು, "ನನ್ನ ಹೆಸರು ಬರ್ಕಳಿ," ಅಂದಳು. "ನಾಳೆಯಿಂದ ಕೊತ್ತಂಬರಿ ಇವರೇ ತರಲಿ. ಒಂದು ಕಟ್ಟು. ಬುಟ್ಟಿ ತಂದರೆ ಬುಟ್ಟಿ ಸಮೇತ ಹೊರಗೆ." ಚಾಂದಬೀ ಬರೆದರು. ಮಂದಾ ಗೋಡೆ ಹಿಡಿದು ಎದ್ದು ಬಂದು ನನ್ನ ಕೈ ಹಿಡಿದಳು. "ನನ್ನ ಹೆಸರು. ಬಾಣಂತಿಗೆ ದಿನಾ ಹಂಡೆ ನೀರು ಕಾಯಿಸೋರು ಯಾರು? ನಮ್ಮಪ್ಪಾನೇ." ಅದನ್ನೂ ಬರೆದು ಚಾಂದಬೀ ಬಳಪ ಎತ್ತಿ ಹಿಡಿದರು. "ಮೂರನೇದು?" ಶಾಂಭವಿ ಸೂರು ನೋಡಿದಳು. ಪಕ್ಕದ ಮನೆಯವರನ್ನು ಕೇಳುವ ಮುಖ ನನಗಿರಲಿಲ್ಲ, ಇಡೀ ಊರಿನ ಹೆಸರುಗಳನ್ನು ನಾನು ಫ್ಲಾಸ್ಕುಗಳಿಗೆ ಖರ್ಚು ಮಾಡಿಬಿಟ್ಟಿದ್ದೆ. ಆಗ ನೀಲಾಂಬಿಕೆ ಮಂದಾಳ ಹೊಟ್ಟೆಯ ಮೇಲೆ ಕೈಯಿಟ್ಟು, "ಮೂರನೇ ಜಾಗ ಖಾಲಿ ಬಿಡಿ ಚಾಂದಬೀ. ಇದಕ್ಕೆ ಇನ್ನೂ ಹೆಸರಿಟ್ಟಿಲ್ಲ," ಅಂದರು. ನನಗೆ ಅಳು ತಡೆಯಲಾಗಲಿಲ್ಲ. ಎಲ್ಲರೆದುರು ಗಳಗಳ ಅತ್ತೆ, ಅಳುವಿನ ನಡುವೆಯೂ ಗೊರಕೆ ಬರುತ್ತಿತ್ತು. ಆಗ ಎಲ್ಲರೂ ನಕ್ಕರು.

ಮರುದಿನ ಕೊತ್ತಂಬರಿಗೆ ಹೊರಟೆ. ಹೋಗುವ ದಾರಿಯಲ್ಲೇ ಗಾಡಿ ನಿಂತಿತ್ತು. ಬುಟ್ಟಿಗಳು ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ನೇತಾಡುತ್ತಿದ್ದವು. ನಾನು 'ಒಂದು ಕಟ್ಟು, ಒಂದು ಕಟ್ಟು' ಎಂದು ಬಾಯಲ್ಲೇ ಜಪ ಮಾಡುತ್ತ ಹೋಗಿ, ಒಂದು ಕಟ್ಟು ತಂದು ಶಾಂಭವಿಯ ಕೈಗಿಟ್ಟೆ. ಅವಳು ನನ್ನ ಜೇಬು, ಪಂಚೆ, ಹಿತ್ತಲು ಎಲ್ಲ ನೋಡಿ ಬಂದು, ಎರಡನೆಯ ಲೋಟ ಕಾಫಿ ಕೊಟ್ಟಳು. ಆ ವಾರವೇ ನನ್ನ ಗೊರಕೆ ಅರ್ಧಕ್ಕಿಳಿಯಿತು. ಮುಂದಿನ ತಿಂಗಳು ಮಂದಾ ಆಸ್ಪತ್ರೆಯಿಂದ ಹೆಣ್ಣು ಕೂಸನ್ನು ಎತ್ತಿಕೊಂಡು ನೇರ ನಮ್ಮ ಮನೆಗೆ ಬಂದಳು. ನಾನು ಬೆಳಗ್ಗೆ ಬೆಳಗ್ಗೆ ಹಂಡೆಗೆ ಉರಿ ಹಾಕಿದೆ, ಶಾಂಭವಿಯ ಹಳೆಯ ಸೀರೆಗಳನ್ನು ಹರಿದು ಮಾಡಿದ ಬಟ್ಟೆಗಳನ್ನು ಒಗೆದು ಹರವಿದೆ, ಅದೇ ಕಲ್ಲಿನ ಮೇಲೆ. ಗೊರಕೆ ಈಗ ಸಣ್ಣ ಸಿಳ್ಳೆಯಷ್ಟು ಉಳಿಯಿತು.

ಹತ್ತನೆಯ ದಿನ ಸಂಜೆ ಕೂಸು ಹಿಡಿದ ಅಳು ಬಿಡಲಿಲ್ಲ. ಹೊಟ್ಟೆಗೆ ಇಂಗು ಹಚ್ಚಿದರು, ದೃಷ್ಟಿ ತೆಗೆದರು, ಶಾಂಭವಿ ತನಗೆ ಬರುವ ಜೋಗುಳವನ್ನೆಲ್ಲ ಹಾಡಿದಳು. ಮಂದಾ ಸೋತು ಕೂತು, "ಅಪ್ಪ, ಬಸ್ ಹೇಳು. ನನ್ನನ್ನ ಅದನ್ನ ಹೇಳಿಯೇ ಅಲ್ವಾ ಮಲಗಿಸ್ತಿದ್ದದ್ದು?" ಅಂದಳು. ನನಗೆ ಸಂಕೋಚವಾಯಿತು. ಆ ಬಸ್ಸುಗಳೆಲ್ಲ ಎಂದೋ ಗುಜರಿಗೆ ಹೋಗಿವೆ. ಆದರೂ ಕೂಸನ್ನು ಎದೆಗೆ ಒರಗಿಸಿಕೊಂಡು ಗಂಟಲು ಸರಿಮಾಡಿಕೊಂಡೆ. "ಪ್ರಯಾಣಿಕರ ಗಮನಕ್ಕೆ. ಹೊನ್ನಗುಂಡಿ, ಮೂಡಣಕಟ್ಟೆ, ಬಿಳಿಗೆರೆ ಮಾರ್ಗವಾಗಿ ಕೆಂಚನಾಳಕ್ಕೆ ಹೋಗುವ ಬಸ್ಸು ಮೂರನೆಯ ಅಂಕಣದಲ್ಲಿ ನಿಂತಿದೆ." ಕೂಸು ಅಳು ನಿಲ್ಲಿಸಿ ಕೇಳಿಸಿಕೊಂಡಿತು. ಕೆಂಚನಾಳದ ಬಸ್ಸು ಹೊರಟಿತು, ಹೊನ್ನಗುಂಡಿಯ ಬಸ್ಸು ಬಂತು, ತಡವಾಗಿ ಬರುವ ಬಸ್ಸುಗಳಿಗಾಗಿ ನಾನು ವಿಷಾದ ವ್ಯಕ್ತಪಡಿಸುವಷ್ಟರಲ್ಲಿ ಕೂಸು ನನ್ನ ಎದೆಯ ಮೇಲೆ ನಿದ್ದೆ ಹೋಗಿತ್ತು. ಶಾಂಭವಿ ಮೆಲ್ಲಗೆ ಬಂದು ನನ್ನ ಬೆನ್ನಿಗೆ ಕಿವಿಯಿಟ್ಟಳು. ಬಹಳ ಹೊತ್ತು ಕೇಳಿದಳು. "ಇಲ್ಲ," ಅಂದಳು. "ಏನೂ ಇಲ್ಲ."

ನಾಮಕರಣದ ದಿನ ಬಂದವರಿಗೆಲ್ಲ ಕೊಟ್ಟು ಉಳಿದ ಹೋಳಿಗೆಯನ್ನು ಅಲ್ಲಿಯವರೆಗೆ ಬೇಳೆಕಾಳಿಗೆ ಬಳಸಿದ್ದ ಆ ಒಂಬತ್ತು ಡಬ್ಬಿಗಳಲ್ಲಿ ತುಂಬಿ ಒಂಬತ್ತು ಮನೆಗೆ ಕಳಿಸಿದೆವು. ಒಂದೂ ಇಲ್ಲಿಯವರೆಗೆ ವಾಪಸು ಬಂದಿಲ್ಲ, ಬರುವುದೂ ಬೇಡ. ಚಾಂದಬೀ ಸ್ಲೇಟು ಹಿಡಿದುಕೊಂಡು ಬಂದಿದ್ದರು. ಅದೇ ಹೊತ್ತಿಗೆ, ನಾಲ್ಕು ಗಂಟೆಗೆ, ಗಾಡಿ ಬಂದು ನಮ್ಮ ಬಾಗಿಲೆದುರೇ ನಿಂತು ಮೈಕಿನಲ್ಲಿ ಕೂಗಿತು. ಸುಳ್ಳು ಯಾಕೆ ಹೇಳಲಿ, ಅಂಗೈ ತುರಿಸಿತು. ಆದರೆ ಅಂಗೈಯಲ್ಲಿ ಕೂಸಿನ ತಲೆಯಿತ್ತು. ಅದು ಬೆಚ್ಚಿ ಮುಖ ಕಿವುಚಿತು. ನಾನು ಹೊಸ್ತಿಲ ಮೇಲೆ ಹೋಗಿ ನಿಂತು, ಮೂವತ್ತಮೂರು ವರ್ಷದ ಧ್ವನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ. ಬಾಗಿಲಲ್ಲಿ ನಿಂತಿರುವ ಗಾಡಿ ಈಗ ಹೊರಡಲಿದೆ," ಅಂದೆ. ಕೂಗುವವನ ಬಾಯಿ ಅರ್ಧಕ್ಕೆ ನಿಂತಿತು. ಡ್ರೈವರನಿಗೆ ಏನೆನ್ನಿಸಿತೋ, ಗಾಡಿ ಸ್ಟಾರ್ಟ್ ಮಾಡಿ ಹೊರಟೇಬಿಟ್ಟ. ಕೂಸು ಮತ್ತೆ ಕಣ್ಣು ಮುಚ್ಚಿತು. ಚಾಂದಬೀ ಸೀಟಿ ಊದಲು ಬಾಯಿಗಿಟ್ಟುಕೊಂಡವರು ಕೂಸನ್ನು ನೋಡಿ ಕೆಳಗಿಳಿಸಿದರು. ಆಮೇಲೆ ಖಾಲಿ ಬಿಟ್ಟಿದ್ದ ಮೂರನೆಯ ಸಾಲನ್ನು ಸೆರಗಿನ ತುದಿಯಿಂದ ಒರೆಸಿ, "ಏನು ಹೆಸರಿಟ್ಟಿರಿ?" ಎಂದು ಪಿಸುಗುಟ್ಟಿದರು. ನಾನೂ ಪಿಸುಗುಟ್ಟಿ ಹೇಳಿದೆ, ಅವರು ಬರೆದುಕೊಂಡರು.